ಲಾಳಿ ಅತ್ತೆ ಆರಿಸಿದ ಗಿಳಿ

ನನ್ನ ಅತ್ತೆ, ಅಂದರೆ ಅಪ್ಪನ ಒಬ್ಬಳೇ ತಂಗಿ, ಐವತ್ತೆಂಟು ತುಂಬುವವರೆಗೆ ತನಗಾಗಿ ಏನನ್ನೂ ಆರಿಸಿಕೊಂಡವಳಲ್ಲ. ಇದು ಉತ್ಪ್ರೇಕ್ಷೆ ಅನ್ನುವವರು ನಮ್ಮ ಮನೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ಇಪ್ಪತ್ತನೇ ವಯಸ್ಸಿಗೆ ಅವಳನ್ನು ಬಟ್ಟೆ ಗಿರಣಿಗೆ ಸೇರಿಸಿದ್ದು ಅಪ್ಪ. ಕೇಳಿಕೊಂಡು ಬಂದ ಎರಡು ಗಂಡುಗಳನ್ನು ಬಾಗಿಲಿಂದಲೇ ವಾಪಸ್ ಕಳಿಸಿದ್ದೂ ಅಪ್ಪ. ಅವಳ ಕೋಣೆಯ ಪರದೆ, ಕನ್ನಡಕದ ಚೌಕಟ್ಟು, ಚಳಿಗಾಲದ ಸ್ವೆಟರಿನ ಬಣ್ಣ, ಎಲ್ಲವೂ ಅಪ್ಪನ ಆಯ್ಕೆಯೇ. ಅತ್ತೆಯದು ಯಾವತ್ತೂ ಒಂದೇ ಉತ್ತರ: "ಆಯ್ತು." ಆ "ಆಯ್ತು" ಕೇಳಿ ಕೇಳಿ ಚಿಕ್ಕಂದಿನಲ್ಲಿ ನನಗೆ ಮೈ ಉರಿಯುತ್ತಿತ್ತು. ದೊಡ್ಡವಳಾದ ಮೇಲೂ ಆ ಉರಿ ಏನೂ ಕಡಿಮೆಯಾಗಲಿಲ್ಲ.

ಅಪ್ಪ ಕೆಟ್ಟವರಲ್ಲ. ಅವರದು ಔಷಧಿ ಅಂಗಡಿ. ಮೂವತ್ತೈದು ವರ್ಷ ಮಾತ್ರೆ ಡಬ್ಬಿಗಳ ನಡುವೆ ಬದುಕಿದ್ದರಿಂದ ಎಲ್ಲದಕ್ಕೂ ಒಂದು ಕೊನೆಯ ದಿನಾಂಕ ಇರಲೇಬೇಕು ಅಂತ ನಂಬಿದ್ದರು. ಮನೆಯ ಬಿಸ್ಕತ್ತಿನ ಡಬ್ಬಿ, ಶೂ ಪಾಲಿಷ್, ಅಮ್ಮನ ಮುಖಕ್ಕೆ ಹಚ್ಚುವ ಕ್ರೀಮು, ಎಲ್ಲದರ ಮೇಲೂ ಒಂದು ಬಿಳಿ ಚೀಟಿ, ಅದರ ಮೇಲೆ ದಿನಾಂಕ. ಅಂಗಡಿಯಲ್ಲಿ ಅವರ ಜೊತೆ ಕೆಲಸ ಮಾಡುವವಳು ನಾನೇ, ಹಾಗಾಗಿ ಚೀಟಿ ಬರೆಯುವ ಕೈಯೂ ನನ್ನದೇ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ನನ್ನ ತಪ್ಪೂ ಬರುತ್ತದೆ.

ಅತ್ತೆಗೆ ಬೀದಿಯಲ್ಲೆಲ್ಲ ಲಾಳಿ ಅಂತಲೇ ಹೆಸರು. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುತ್ತದಲ್ಲ, ಆ ಲಾಳಿ. ಮೂವತ್ತೆಂಟು ವರ್ಷ ಅವಳೂ ಮನೆಯಿಂದ ಗಿರಣಿಗೆ, ಗಿರಣಿಯಿಂದ ಮನೆಗೆ ಓಡಿದಳು. ಒಂದು ಶೆಡ್ಡಿನಲ್ಲಿ ಎಂಬತ್ತು ಮಗ್ಗ. ಎಲ್ಲವೂ ಒಟ್ಟಿಗೆ ಬಡಿಯುವಾಗ ಪಕ್ಕದವಳ ಕಿವಿಗೆ ಬಾಯಿಟ್ಟು ಕಿರುಚಿದರೂ ಕೇಳಿಸುವುದಿಲ್ಲವಂತೆ. ಅದಕ್ಕೇ ಅಲ್ಲಿಯವರು ದನಿ ಬಿಟ್ಟು ಮಾತಾಡುವುದನ್ನು ಕಲಿತಿದ್ದರು. ತುಟಿಯನ್ನು ಅಗಲವಾಗಿ ಆಡಿಸುವುದು, ಜೊತೆಗೆ ಕೈ ಸನ್ನೆ. ಎದುರಿನ ಸಾಲಿನವಳು ಬಾಯಿ ನೋಡಿಯೇ ಓದಿಕೊಳ್ಳುತ್ತಿದ್ದಳು. ಹೆರಿಗೆಯ ಸುದ್ದಿ, ಜಗಳ, ಚಾಡಿ, ತಮಾಷೆ, ಎಲ್ಲವೂ ಆ ಗದ್ದಲದೊಳಗೆ ಸದ್ದಿಲ್ಲದೆ ಓಡಾಡುತ್ತಿದ್ದವು. ಗಿರಣಿಯಲ್ಲಿ ಅತ್ತೆ ದೊಡ್ಡ ಮಾತುಗಾತಿಯಂತೆ. ಇದನ್ನು ಅವಳ ಗೆಳತಿಯೊಬ್ಬಳು ನನಗೆ ಹೇಳಿದಾಗ ಬೇರೆ ಯಾರದೋ ವಿಷಯ ಅಂದುಕೊಂಡಿದ್ದೆ.

ಕೆಲಸದಿಂದ ನಿವೃತ್ತಳಾದ ಮರುದಿನ ಬೆಳಿಗ್ಗೆ ಎಲ್ಲರೂ ಕಾಫಿ ಕುಡಿಯುತ್ತಿದ್ದಾಗ ಅತ್ತೆ ಲೋಟ ಕೆಳಗಿಟ್ಟು ಹೇಳಿದಳು.

"ನನಗೊಂದು ಗಿಳಿ ಬೇಕು."

ಅಪ್ಪನ ಕೈಯಲ್ಲಿ ಚಮಚ ಹಾಗೇ ನಿಂತುಬಿಟ್ಟಿತು. ಅತ್ತೆಯ ಬಾಯಲ್ಲಿ "ಬೇಕು" ಅನ್ನುವ ಶಬ್ದವನ್ನು ಅವತ್ತೇ ನಾವೆಲ್ಲ ಮೊದಲು ಕೇಳಿದ್ದು.

ಆಮೇಲೆ ಸಲಹೆಗಳ ಸುರಿಮಳೆ. ಅಪ್ಪನ ಪ್ರಕಾರ ಹಕ್ಕಿ ಸಾಕಿ ಗೊತ್ತಿಲ್ಲದವರು ಬೆರಳುದ್ದದ ಎರಡು ಹಕ್ಕಿ ತಂದು ಮೂಲೆಯಲ್ಲಿ ತೂಗುಹಾಕಿದರೆ ಸಾಕು. ನನ್ನ ತಮ್ಮ ಮೊಳಕೈಯುದ್ದದ, ಕೆಂಪು ನೀಲಿ ಬಣ್ಣದ ಭಾರಿ ಗಿಳಿಯನ್ನೇ ತರಬೇಕೆಂದು ಹಟ ಹಿಡಿದ. ಮನೆಗೆ ಬಂದವರು ಬಾಯಿ ಬಿಟ್ಟುಕೊಂಡು ನೋಡಬೇಕಂತೆ. ಅಮ್ಮ ಮಾತ್ರ ಮೀನು ತಂದರೆ ಸದ್ದೇ ಇರುವುದಿಲ್ಲ ಅಂದಳು. ಅತ್ತೆ ಎಲ್ಲರ ಮಾತಿಗೂ ತಲೆಯಾಡಿಸಿ, ಒಬ್ಬರ ಮಾತನ್ನೂ ಕಿವಿ ಮೇಲೆ ಹಾಕಿಕೊಳ್ಳದೆ, ಶನಿವಾರ ಚೀಲ ಹಿಡಿದು ಹಕ್ಕಿ ಅಂಗಡಿಗೆ ಹೊರಟಳು. ಜೊತೆಗೆ ನಾನೂ ಹೋದೆ.

ಒಂದಲ್ಲ, ಆರು ಶನಿವಾರ ಹೋದೆವು. ಅಂಗಡಿ ಎಂದರೆ ಉದ್ದನೆಯ ಒಂದು ಕೋಣೆ, ಎರಡು ಕಡೆ ಪಂಜರ, ನಡುವೆ ಒಬ್ಬರು ಅಡ್ಡಡ್ಡ ನಡೆಯುವಷ್ಟು ದಾರಿ. ಅಂಗಡಿಯವನು ತೆಳ್ಳಗಿನ ಮನುಷ್ಯ. ಅವನ ಯಾವುದಾದರೂ ಒಂದು ಬೆರಳಿಗೆ ಸದಾ ಪಟ್ಟಿ ಸುತ್ತಿರುತ್ತಿತ್ತು. ಮಾರುವ ಆತುರ ಅವನಿಗಿರಲಿಲ್ಲ, ಮಾತಾಡುವ ಆತುರವಿತ್ತು. ಚಿಕ್ಕ ಹಕ್ಕಿಗಳು ಜೋಡಿಯಲ್ಲಿದ್ದರೆ ತಮ್ಮತಮ್ಮಲ್ಲೇ ಇದ್ದುಬಿಡುತ್ತವೆ, ಮನುಷ್ಯರ ಹಂಗು ಅವಕ್ಕೆ ಕಡಿಮೆ, ಅಂದ. ದೊಡ್ಡ ಗಿಳಿಗೆ ಕೋಣೆಯಷ್ಟು ಜಾಗ ಬೇಕು. ಅದು ಕೂಗಿದರೆ ಮೂರನೇ ಮನೆಯವರು ಜಗಳಕ್ಕೆ ಬರುತ್ತಾರೆ, ಕಚ್ಚಿದರೆ ಆಸ್ಪತ್ರೆಗೇ ಹೋಗಬೇಕು. ಮೊದಲ ಸಲ ಸಾಕುವವರಿಗೆ ಮಧ್ಯಮ ಗಾತ್ರದ್ದೇ ಸರಿ, ಅಂಗೈ ಮೇಲೆ ಕೂರುತ್ತದೆ, ಅಷ್ಟಾಗಿ ಕೂಗುವುದಿಲ್ಲ, ಮನುಷ್ಯರಿಗೆ ಒಗ್ಗುತ್ತದೆ, ಆದರೆ ದಿನವೂ ಜೊತೆಗೆ ಕೂರಬೇಕು, ಅಂತ ಎಚ್ಚರಿಸಿದ.

ಅತ್ತೆ ಎಲ್ಲ ಕೇಳಿಸಿಕೊಂಡು ಒಂದು ಪ್ರಶ್ನೆ ಕೇಳಿದಳು.

"ಇವೆಲ್ಲ ಎಷ್ಟು ವರ್ಷ ಬದುಕ್ತವೆ?"

ಚಿಕ್ಕವು ಏಳೆಂಟು ವರ್ಷ, ಭಾರಿ ಗಿಳಿಗಳು ಅರವತ್ತು ದಾಟಿದರೂ ಆಶ್ಚರ್ಯವಿಲ್ಲ, ಮಧ್ಯಮದವು ಇಪ್ಪತ್ತೈದರ ಆಸುಪಾಸು ಅಂದ.

"ಹಾಗಾದ್ರೆ ಮಧ್ಯಮದ್ದೇ ಸರಿ. ನಂಗೀಗ ಐವತ್ತೆಂಟು. ಚಿಕ್ಕದು ನನ್ನ ಕಣ್ಣೆದುರೇ ಹೋಗಿಬಿಡುತ್ತೆ, ದೊಡ್ಡದನ್ನ ನಾನು ಅನಾಥ ಮಾಡಿ ಹೋಗ್ಬೇಕಾಗುತ್ತೆ. ಇದಾದ್ರೆ ಇಬ್ರೂ ಜೊತೇಲಿ ಮುದುಕರಾಗ್ತೀವಿ."

ಅಂಗಡಿಯವನು ಒಳಗಿನಿಂದ ಒಂದು ಸ್ಟೂಲು ತಂದು ಅವಳಿಗೆ ಹಾಕಿದ. ಅವತ್ತಿನಿಂದ ಆ ಸ್ಟೂಲು ಅವಳದೇ ಆಯಿತು.

ಬೂದು ತಲೆ, ಹಸಿರು ಬೆನ್ನು, ಹಳದಿ ಹೊಟ್ಟೆಯ ಒಂದು ಜಾತಿ ಇತ್ತು, ಪಾರಿವಾಳಕ್ಕಿಂತ ಚಿಕ್ಕದು. ಅದರಲ್ಲಿ ನಾಲ್ಕು ಮರಿಗಳಿದ್ದವು. ಅತ್ತೆ ಅವನ್ನು ಪರೀಕ್ಷಿಸಿದ್ದು ಗಿರಣಿಯಲ್ಲಿ ಬಟ್ಟೆಯ ಥಾನಿನ ದೋಷ ಹುಡುಕುವ ಹಾಗೆ. ಬೆಳಕಿಗೆ ಹಿಡಿಸಿ ರೆಕ್ಕೆಯ ಅಂಚು ನೋಡಿದಳು, ಕಾಲಿನ ಬೆರಳು ಎಣಿಸಿದಳು, ಮೂಗು ಒದ್ದೆಯಾಗಿದೆಯೇ ನೋಡಿದಳು, ಪಂಜರದ ತಳದ ಹಿಕ್ಕೆಯನ್ನೂ ಬಿಡಲಿಲ್ಲ. ನಾಲ್ಕರಲ್ಲಿ ಒಂದು ಬಲು ಚೂಟಿ. ಯಾರು ಬಂದರೂ "ಹಲೋ, ಹಲೋ" ಅನ್ನುತ್ತಿತ್ತು. ಅದನ್ನೇ ಒಯ್ಯಿರಿ, ಈಗಾಗಲೇ ಮಾತು ಬಂದಿದೆ ಅಂತ ಅಂಗಡಿಯವನು ಹೇಳಿದ. ನಾನೂ ಅದನ್ನೇ ಹೇಳಿದೆ. ಅತ್ತೆ ಹಿಂದಿನ ಕೋಲಿನ ಮೇಲೆ ತೆಪ್ಪಗೆ ಉಬ್ಬಿಕೊಂಡು ಕೂತಿದ್ದ ಇನ್ನೊಂದನ್ನು ತೋರಿಸಿದಳು.

"ಅದು ತುಟಿ ಪಿಟಕ್ ಅನ್ನಲ್ಲ, ಅತ್ತೆ," ಅಂದೆ.

"ಇರ್ಲಿ. ಆರು ವಾರದಿಂದ ಅದು ನನ್ನ ಕೈಯನ್ನೇ ನೋಡ್ತಾ ಇದೆ. ನನ್ನ ಕೈ ನೋಡಿದವರು ಯಾರಿದಾರೆ ಹೇಳು."

ಹೀಗೆ ಗಿಳಿ ಮನೆಗೆ ಬಂತು. ಉಬ್ಬಿ ಕೂತರೆ ನೂಲಿನ ಉಂಡೆಯ ಹಾಗೇ ಕಾಣುತ್ತಿತ್ತು. ಅದಕ್ಕೆ ಉಂಡೆ ಅಂತಲೇ ಕರೆದೆವು.

ಹಲೋ ಅನ್ನುವ ಗಿಳಿ ಬಿಟ್ಟು ಮೂಕ ಗಿಳಿ ತಂದಳೆಂದು ಗೊತ್ತಾದಾಗ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ಅಂಗಡಿಯವನ ನಿಯಮವೊಂದಿತ್ತು. ಹಕ್ಕಿ ಮನೆಗೆ ಒಗ್ಗದಿದ್ದರೆ ತೊಂಬತ್ತು ದಿನದೊಳಗೆ ವಾಪಸ್ ತಗೊಳ್ಳುತ್ತಿದ್ದ. ಅಪ್ಪ ಅದನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಸುಮ್ನೆ ತಿಂದ್ಕೊಂಡು ಕೂತಿರೋಕೆ ಈ ಮನೇಲಿ ನಿನ್ನ ಅಳಿಯನೊಬ್ಬ ಸಾಕು," ಅಂತ ನನ್ನ ತಮ್ಮನತ್ತ ಕೈ ತೋರಿಸಿ, ಮುಂದುವರಿಸಿದರು. "ತೊಂಬತ್ತು ದಿನ. ಅಷ್ಟರಲ್ಲಿ ಈ ಗಿಳಿ ಒಂದು ಮಾತಾದ್ರೂ ಆಡ್ಬೇಕು. ಇಲ್ಲಾಂದ್ರೆ ವಾಪಸ್."

ನನಗೆ ಚೀಟಿ ಬರೆಯಲು ಹೇಳಿದರು. ನಾನು ಬರೆದೆ. ಯಾಕೆ ಬರೆದೆ ಅಂತ ಇವತ್ತಿಗೂ ನನ್ನ ಮೇಲೇ ನನಗೆ ಸಿಟ್ಟಿದೆ, ಅಭ್ಯಾಸಬಲ ಅಷ್ಟೆ. "ಕೊನೆಯ ದಿನಾಂಕ" ಅಂತ ಬರೆದು, ಕೆಳಗೆ ದಿನ, ತಿಂಗಳು, ವರ್ಷ. ಅಪ್ಪ ಅದನ್ನು ಪಂಜರದ ಬಾಗಿಲ ಮೇಲಿನ ಅಗಲವಾದ ಪಟ್ಟಿಗೆ ಅಂಟಿಸಿ ಹೆಬ್ಬೆರಳಿಂದ ಉಜ್ಜಿದರು.

"ಆಯ್ತು," ಅಂದಳು ಅತ್ತೆ.

ಆದರೆ ಮನೆ ಬದಲಾಗತೊಡಗಿತು. ಪಂಜರದ ಸರಳುಗಳ ನಡುವೆ ತಲೆ ತೂರುವಷ್ಟು ಸಂದಿಲ್ಲ ಅಂತ ಅತ್ತೆ ಬೆರಳಿಟ್ಟು ಅಳೆದು ನೋಡಿದಳು. ನಾನ್‌ಸ್ಟಿಕ್ ಬಾಣಲೆ ಕಾದು ಹೊಗೆಯಾಡಿದರೆ ಹಕ್ಕಿಗೆ ವಿಷ ಅಂತ ಅಂಗಡಿಯವನು ಹೇಳಿದ್ದನ್ನು ಅಮ್ಮನಿಗೆ ಹೇಳಿದಳು. ಅಮ್ಮ ಮರುಮಾತಾಡದೆ ಆ ಬಾಣಲೆಯನ್ನು ಅಟ್ಟಕ್ಕೆ ಎಸೆದಳು. ಬೆಳಿಗ್ಗೆ ಸೇಬಿನ ಚೂರು, ಮಧ್ಯಾಹ್ನ ಸೊಪ್ಪು, ಸಂಜೆ ಅತ್ತೆಯ ಭುಜ, ಇದು ಉಂಡೆಯ ದಿನಚರಿ. ಅತ್ತೆ ತನ್ನ ಹಿಂದಿನ ಕೋಣೆಯ ಬಾಗಿಲನ್ನು ಮೊದಲೆಲ್ಲ ಮುಚ್ಚಿಕೊಂಡಿರುತ್ತಿದ್ದಳು, ಈಗ ತೆರೆದಿಡತೊಡಗಿದಳು. ಒಂದು ದಿನ ನಾನು ಒಳಗೆ ಇಣುಕಿದಾಗ ಅವಳು ನಗುತ್ತಿದ್ದಳು. ಆ ಮುಖ ಎಷ್ಟು ಚೆಂದವಿತ್ತೆಂದರೆ, ಇಷ್ಟು ವರ್ಷ ಇದನ್ನು ಯಾರಿಗೆ ಕೊಟ್ಟಿಟ್ಟಿದ್ದಳು ಅಂತ ನನಗೆ ಹೊಟ್ಟೆಕಿಚ್ಚೇ ಆಯಿತು.

ಮಾತು ಮಾತ್ರ ಬರಲಿಲ್ಲ. ಒಂದು ತಿಂಗಳಾಯಿತು, ಎರಡಾಯಿತು. ಅದರ ಬದಲು ಉಂಡೆ ಬೇರೇನೇನೋ ಮಾಡತೊಡಗಿತು. ಬಾಯಿ ಅಗಲಿಸಿ ಅಗಲಿಸಿ ಆಕಳಿಸುತ್ತಿತ್ತು. ಒಂದು ಕಾಲೆತ್ತಿ ಬೆರಳುಗಳನ್ನು ಮಡಿಸಿ ಬಿಡಿಸಿ ಮಾಡುತ್ತಿತ್ತು. ಆಗಾಗ ಕಾಲನ್ನು ನೆತ್ತಿಗೊಯ್ದು ಇಟ್ಟುಕೊಳ್ಳುತ್ತಿತ್ತು. ಅಪ್ಪ ಕನ್ನಡಕ ಏರಿಸಿ ಮೂರನ್ನೂ ಗಮನಿಸಿ ತೀರ್ಪು ಕೊಟ್ಟರು: ಆಕಳಿಕೆ ಅಂದರೆ ನಿಶ್ಶಕ್ತಿ, ಕಾಲು ಮಡಿಸುವುದು ಸುಣ್ಣದ ಅಂಶದ ಕೊರತೆ, ತಲೆ ಕೆರೆತ ಹೇನು. ಔಷಧಿ ಅಂಗಡಿಯಿಂದ ಹಕ್ಕಿಗಳ ಟಾನಿಕ್ಕೊಂದನ್ನು ತಂದು ಕೊಟ್ಟರು. ಮೂಕ, ಮೇಲೆ ರೋಗಿಷ್ಠ ಅಂತ ಮೂಗು ಮುರಿಯುತ್ತಲೇ ದಿನಾ ಎರಡು ಹನಿ ತಾವೇ ನೀರಿಗೆ ಹಾಕುತ್ತಿದ್ದರು. ಹೇಳಿದೆನಲ್ಲ, ಕೆಟ್ಟವರಲ್ಲ.

ದಿನವೂ ಬೆಳಿಗ್ಗೆ ಒಂದು ಗಂಟೆ ಪಾಠ ಹೇಳಿಕೊಡುತ್ತಿದ್ದೇನೆ, ಯಾಕೋ ತಲೆಗೆ ಹತ್ತುತ್ತಿಲ್ಲ ಅಂತ ಅತ್ತೆ ಕೊರಗುತ್ತಿದ್ದಳು. ಎಪ್ಪತ್ತೊಂಬತ್ತನೇ ದಿನ ನಾನು ಜ್ವರ ಅಂತ ಮನೆಯಲ್ಲೇ ಉಳಿದೆ. ನನ್ನ ಕೋಣೆಗೂ ಅತ್ತೆಯ ಕೋಣೆಗೂ ನಡುವೆ ತೆಳು ಗೋಡೆ. ಪಾಠದ ಹೊತ್ತಾಯಿತು, ಏನೂ ಕೇಳಿಸಲಿಲ್ಲ. ಎದ್ದು ಹೋಗಿ ನೋಡಿದೆ. ಅತ್ತೆ ಪಂಜರದ ಮುಂದೆ ಕೂತು ಪೂರಾ ಹುಮ್ಮಸ್ಸಿನಲ್ಲಿ ಮಾತಾಡುತ್ತಿದ್ದಳು. ತುಟಿಗಳು ಅಗಲವಾಗಿ ಆಡುತ್ತಿದ್ದವು, ಹುಬ್ಬು ಏರಿಳಿಯುತ್ತಿತ್ತು, ಕೈಗಳು ಗಾಳಿಯಲ್ಲಿ ಓಡಾಡುತ್ತಿದ್ದವು. ಆದರೆ ಗಂಟಲಿಂದ ಎಳ್ಳಷ್ಟೂ ಸದ್ದಿಲ್ಲ.

"ಅತ್ತೆ, ನಿಮ್ಮ ದನಿನೇ ಬರ್ತಿಲ್ಲ," ಅಂದೆ.

ಅವಳು ನಂಬಲಿಲ್ಲ. ಗಂಟಲ ಮೇಲೆ ಕೈಯಿಟ್ಟುಕೊಂಡು ಅದೇ ಪಾಠವನ್ನು ಮತ್ತೊಮ್ಮೆ ಹೇಳಿ ನೋಡಿದಳು. ಗಂಟಲು ನಡುಗಲಿಲ್ಲ. ನನಗೆ ಆಗ ಅರ್ಥವಾಯಿತು. ಮನೆಯಲ್ಲಿ ಅವಳು ದನಿ ಬಳಸಿದ್ದೆಲ್ಲ "ಆಯ್ತು" ಅನ್ನುವುದಕ್ಕೆ. ಮನಸ್ಸು ಬಿಚ್ಚಿ ಮಾತಾಡಿದ್ದೆಲ್ಲ ಆ ಶೆಡ್ಡಿನಲ್ಲಿ, ದನಿಯಿಲ್ಲದೆ. ಪ್ರೀತಿ ಬಂದ ಕೂಡಲೇ ಮಾತು ಹಳೆಯ ದಾರಿಯನ್ನೇ ಹಿಡಿದಿತ್ತು.

"ಎಪ್ಪತ್ತೊಂಬತ್ತು ದಿನ ವ್ಯರ್ಥ ಮಾಡಿದೆನಲ್ಲೇ," ಅಂದಳು. ಕಣ್ಣಲ್ಲಿ ನೀರಿತ್ತು.

ಉಳಿದ ಹನ್ನೊಂದು ದಿನ ಅವಳು ಗಂಟಲು ಹರಿಯುವಂತೆ ಪಾಠ ಮಾಡಿದಳು. "ಹಲೋ" ಅಂತ ಕೂಗಿ ಕೂಗಿ ಸ್ವರ ಬಿದ್ದುಹೋಯಿತು. ಕೆಳಗಿನ ಮನೆಯವರು ಮೇಲೆ ಬಂದು ಫೋನು ಕೆಟ್ಟಿದೆಯೇ ಅಂತ ವಿಚಾರಿಸಿದರು. ಉಂಡೆ ಮಾತ್ರ, ಇವಳಿಗೇನಾಯಿತು ಅನ್ನುವಂತೆ ಕಣ್ಣು ಕಣ್ಣು ಬಿಡುತ್ತಾ ಕೂತಿತ್ತು.

ತೊಂಬತ್ತನೇ ದಿನ ಅಪ್ಪ ಅಂಗಡಿಗೆ ರಜೆ ಹಾಕಿದ್ದರು. ಸಂಜೆ ಐದಕ್ಕೆ ಹಕ್ಕಿ ಅಂಗಡಿ ಮುಚ್ಚುತ್ತದೆ, ನಾಲ್ಕಕ್ಕೆ ಹೊರಡೋಣ ಅಂತ ಅಪ್ಪ ಬೆಳಿಗ್ಗೆಯೇ ಹೇಳಿದ್ದರು. ಮೂರು ಗಂಟೆಗೆ ಅತ್ತೆಯ ಗೆಳತಿ ಬಂದಳು. ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಅತ್ತೆಯ ಎದುರು ಮಗ್ಗದಲ್ಲಿ ನಿಂತವಳು, ಧಡೂತಿ ಹೆಂಗಸು, ಮೆಟ್ಟಿಲು ಹತ್ತಿದ್ದಕ್ಕೆ ಏದುಸಿರು ಬಿಡುತ್ತಿದ್ದಳು. ಹಕ್ಕಿ ವಾಪಸ್ ಹೋಗುವ ಮುಂಚೆ ಒಮ್ಮೆ ನೋಡಿಕೊಂಡು ಹೋಗು ಅಂತ ಅತ್ತೆಯೇ ಕರೆಸಿದ್ದಳು. ನಾವು ಮೂವರೂ ಹಿಂದಿನ ಕೋಣೆಯಲ್ಲಿ ಕೂತಿದ್ದೆವು. ಪಂಜರದ ಮೇಲೆ ಹೊದಿಸಲು ಒಂದು ಬಟ್ಟೆಯನ್ನು ಅತ್ತೆ ಮಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದಳು.

ಉಂಡೆ ಗೆಳತಿಯ ಕಡೆ ತಿರುಗಿ ಒಂದು ಕಾಲೆತ್ತಿ ಬೆರಳು ಮಡಿಸಿ ಬಿಡಿಸಿತು. ಗೆಳತಿ ಮಾತು ನಿಲ್ಲಿಸಿ, ಎದ್ದು, ನೇರ ಪಂಜರದ ಹತ್ತಿರ ಹೋದಳು.

"ಯಾಕೆ ಎದ್ರಿ?" ಅಂದೆ.

"ಕರೀತಲ್ಲ," ಅಂದಳು. ಅಂದವಳು ತಾನೇ ಬೆಚ್ಚಿ ನಿಂತಳು.

ಅಷ್ಟರಲ್ಲಿ ಅಪ್ಪ, ಯಾವತ್ತಿನಂತೆ ಬಾಗಿಲು ಬಡಿಯದೆ, ಕೈಗಡಿಯಾರ ನೋಡುತ್ತಾ ಒಳಗೆ ಬಂದರು. ಉಂಡೆ ಕಾಲನ್ನು ನೆತ್ತಿಯ ಮೇಲಿಟ್ಟುಕೊಂಡಿತು. ಗೆಳತಿ ಒಮ್ಮೆ ಹಕ್ಕಿಯನ್ನು ನೋಡಿದಳು, ಒಮ್ಮೆ ಅಪ್ಪನನ್ನು ನೋಡಿದಳು, ಮಂಚದ ಮೇಲೆ ಕುಸಿದು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು.

"ಯಾರೇ ಇದನ್ನ ಮೂಕ ಅಂದಿದ್ದು? ಇದು ನಮ್ಮ ಶೆಡ್ಡಿನ ಮಾತಾಡ್ತಿದೆ ಕಣೇ," ಅಂದಳು ಅತ್ತೆಗೆ.

ಅತ್ತೆ ಎದ್ದು ನಿಂತಳು. ಮಡಿಲಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಉಂಡೆಯ ಮುಂದೆ ಹೋಗಿ, ದನಿ ತೆಗೆಯದೆ, ತುಟಿಯನ್ನಷ್ಟೇ ಅಗಲಿಸಿ ಏನೋ ಹೇಳಿದಳು. ಉಂಡೆ ಕೂಡಲೇ ಬಾಯಿ ಅಗಲಿಸಿ, ಮುಚ್ಚಿ, ಮತ್ತೆ ಅಗಲಿಸಿತು. ಅಪ್ಪನ ಟಾನಿಕ್ಕು ವಾಸಿಮಾಡದ ಆ ಆಕಳಿಕೆ ಇದೇ. ಅತ್ತೆ ಮುಷ್ಟಿ ಬಿಚ್ಚಿ ಮುಚ್ಚಿ ಕರೆದಳು, ಉಂಡೆ ಕಾಲೆತ್ತಿ ಹಾಗೇ ಕರೆಯಿತು. ಮೂರು ತಿಂಗಳಿಂದ ಅದು ಕರೆಯುತ್ತಿತ್ತು, ಇವಳು ಎದ್ದು ಹೋಗುತ್ತಿದ್ದಳು. ಅದೊಂದು ವಿಶೇಷ ಅಂತ ಇಬ್ಬರಿಗೂ ಅನ್ನಿಸಿರಲಿಲ್ಲ.

ಅಪ್ಪ ಸುಲಭಕ್ಕೆ ಸೋಲೊಪ್ಪುವವರಲ್ಲ. ಇದೆಲ್ಲ ಕಾಕತಾಳೀಯ ಅಂದರು. ಆಗ ನನ್ನ ಮೈಮೇಲೆ ಅದೇನು ಬಂತೋ, ಚೀಟಿ ಬರೆದ ಪಾಪ ಕಳೆದುಕೊಳ್ಳಬೇಕಿತ್ತಲ್ಲ, ಮನೆಯವರನ್ನೆಲ್ಲ ಕರೆದು ಹೊರಗೆ ಸಾಲಾಗಿ ನಿಲ್ಲಿಸಿದೆ. ಮೊದಲು ಅಮ್ಮ ಒಳಗೆ ಹೋದಳು, ಉಂಡೆ ಸುಮ್ಮನಿತ್ತು. ತಮ್ಮ ಹೋದ, ಸುಮ್ಮನಿತ್ತು. ನಾನು ಹೋದೆ, ಸುಮ್ಮನಿತ್ತು. ಅಪ್ಪ ಹೋದರು, ಕಾಲು ನೆತ್ತಿಗೆ ಬಂತು. ಅಪ್ಪ ಹೊರಗೆ ಬಂದು ಮತ್ತೆ ಹೋದರು, ಮತ್ತೆ ಬಂತು. ಮೂರನೇ ಸಲ ತಮ್ಮನ ಟೋಪಿ ಹಾಕಿಕೊಂಡು, ವೇಷ ಮರೆಸಿ, ಅಮ್ಮನ ಬೆನ್ನ ಹಿಂದೆ ಅಡಗಿಕೊಂಡು ಹೋದರು. ಉಂಡೆ ಕತ್ತು ಉದ್ದ ಮಾಡಿ ಅಮ್ಮನ ಹಿಂದೆ ಯಾರಿದ್ದಾರೆ ನೋಡಿ, ನಿಧಾನವಾಗಿ ಕಾಲೆತ್ತಿ ನೆತ್ತಿಯ ಮೇಲಿಟ್ಟಿತು. ಅಮ್ಮ ಇಷ್ಟು ಜೋರಾಗಿ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಸರಿ, ಒಪ್ಪಿದೆ. ಅದಕ್ಕೇನರ್ಥ?" ಅಂತ ಅಪ್ಪ ಕೇಳಿದರು.

ನಗು ನಿಂತಿತು. ಗೆಳತಿ ಬಾಯಿ ತೆರೆದಳು, ಅತ್ತೆ ಕೈ ಅಡ್ಡ ಹಿಡಿದು ಅವಳನ್ನು ತಡೆದಳು. ಕೂಗಿ ಕೂಗಿ ಒಡೆದುಹೋಗಿದ್ದ ದನಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, ತಾನೇ ಹೇಳಿದಳು.

"ನಮ್ಮ ಮೇಸ್ತ್ರಿ ಟೋಪಿ ಹಾಕ್ತಿದ್ದ. ಅವನು ಬಾಗಿಲಲ್ಲಿ ಕಂಡ್ರೆ ನಾವು ಒಬ್ರಿಗೊಬ್ರು ತಲೆ ಮುಟ್ಟಿ ತೋರಿಸ್ತಿದ್ವಿ. ಮೇಸ್ತ್ರಿ ಬಂದ, ಮಾತು ನಿಲ್ಸಿ, ತಲೆ ಬಗ್ಸಿ ಅಂತ. ನೀನು ಈ ಕೋಣೆಗೆ ಬಂದಾಗೆಲ್ಲ ನನ್ನ ಕೈ ತಲೆಗೆ ಹೋಗ್ತಿತ್ತು ಅಂತ ಕಾಣುತ್ತೆ, ಅಣ್ಣ. ನಂಗೇ ಗೊತ್ತಿರ್ಲಿಲ್ಲ. ಇದು ನೋಡಿ ಕಲೀತು."

ಅಪ್ಪ ತಮ್ಮನ ಟೋಪಿಯನ್ನು ತಲೆಯಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರಿಗೆ ನೋವಾಯಿತು, ನನಗೆ ಕಾಣಿಸಿತು. ಅತ್ತೆಗೂ ಕಾಣಿಸಿರಬೇಕು, ಆದರೆ ಅವತ್ತು ಅವಳು ನಿಲ್ಲಲಿಲ್ಲ.

"ಇದು ಮಾತಾಡಿತು, ನೀನು ಹೇಳಿದ ದಿನದೊಳಗೇ ಆಡಿತು. ಆಡದೇ ಇದ್ದಿದ್ರೂ ನಾನು ಕಳಿಸ್ತಿರ್ಲಿಲ್ಲ. ಬೆಳಿಗ್ಗೆಯಿಂದ ಅದನ್ನೇ ಹೇಳೋಕೆ ದನಿ ಕೂಡಿಸ್ತಾ ಇದ್ದೆ. ಇದನ್ನ ಆರಿಸ್ಕೊಂಡು ಬಂದಿದ್ದು ನಾನು. ಇದು ಎಲ್ಲೂ ಹೋಗಲ್ಲ."

ಹೇಳಿ, ಪಂಜರದ ಹತ್ತಿರ ಹೋಗಿ, ಬಟ್ಟೆಯಿಂದ ನೂಲಿನ ಗಂಟು ಕೀಳುವವಳಂತೆ ಹೆಬ್ಬೆರಳ ಉಗುರಿನಲ್ಲಿ ಆ ಚೀಟಿಯ ಮೂಲೆ ಎಬ್ಬಿಸಿದಳು. ಅರ್ಧ ಎದ್ದದ್ದೇ ತಡ, ಉಂಡೆ ಉಳಿದರ್ಧವನ್ನು ಕೊಕ್ಕಿನಿಂದ ಸರಳಿನೊಳಗೆ ಎಳೆದುಕೊಂಡು ಚೂರು ಚೂರು ಮಾಡಿ ಕೆಳಗೆ ಉದುರಿಸಿತು. ನನ್ನ ಅಕ್ಷರ ಹಾಳಾದದ್ದಕ್ಕೆ ಯಾವತ್ತೂ ಅಷ್ಟು ಸಂತೋಷಪಟ್ಟಿದ್ದಿಲ್ಲ.

ಅಪ್ಪ ಟೋಪಿಯನ್ನು ತಮ್ಮನ ಕೈಗೆ ಕೊಟ್ಟರು. ಆಮೇಲೆ ಹೇಳಿದ್ದು ಒಂದೇ ಮಾತು, ಅದು ಅವರ ಬಾಯಲ್ಲಿ ನಾನು ಕೇಳಿರದ ಮಾತು.

"ಆಯ್ತು."

ಇದಾಗಿ ನಾಲ್ಕು ವರ್ಷವಾಯಿತು. ಅತ್ತೆಯ ಕೋಣೆಗೆ ಈಗ ಅವಳೇ ಆರಿಸಿದ ಕಿತ್ತಳೆ ಬಣ್ಣದ ಪರದೆ ಬಂದಿದೆ, ನೋಡಲು ಕಣ್ಣು ಕುಕ್ಕುತ್ತದೆ, ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಭಾನುವಾರ ಗಿರಣಿಯ ಹಳೆಯ ಗೆಳತಿಯರು ಸೇರುತ್ತಾರೆ. ಐದು ಹೆಂಗಸರು, ಒಂದು ಗಿಳಿ, ಚಿಟಿಕೆಯಷ್ಟೂ ಸದ್ದಿಲ್ಲದೆ ಗಂಟೆಗಟ್ಟಲೆ ಹರಟೆ. ಅಪ್ಪನಿಗೂ ಒಮ್ಮೊಮ್ಮೆ ಅಲ್ಲಿ ಕೂರುವ ಆಸೆಯಾಗುತ್ತದೆ. ಆಗ ಅವರು ಮೊದಲು ಬಾಗಿಲು ಬಡಿಯುತ್ತಾರೆ, ಆಮೇಲೆ ಹೊಸ್ತಿಲಲ್ಲೇ ನಿಂತು ತಾವೇ ತಮ್ಮ ನೆತ್ತಿಯ ಮೇಲೆ ಕೈಯಿಟ್ಟುಕೊಳ್ಳುತ್ತಾರೆ. ಉಂಡೆ ಕಾಲೆತ್ತಿ ಬೆರಳು ಮಡಿಸಿ ಬಿಡಿಸಿ ಕರೆದರೆ ಮಾತ್ರ ಒಳಗೆ ಬರುತ್ತಾರೆ.